ಚಿತ್ರಮಾಲೆಗಳ ಗುಣದೋಷವಿಚಾರ

ಪೀಠಿಕೆ

ನಮ್ಮ ಕಟಕೋಳದಂಥ ಊರುಗಳಲ್ಲಿಯೂ ಛಾಯಾಚಿತ್ರಮಾಲೆಯ ಪ್ರದರ್ಶನವೆಂಬುದು ಈಗ ಅಪೂರ್ವವಾದ ಸಂಗತಿಯಾಗಿ ಉಳಿದಿಲ್ಲ. ಶಾಲೆಯ ವಾರ್ಷಿಕೋತ್ಸವವಿರಲಿ, ಸಂಘದ ಮಾಸಿಕ ಸಭೆಯಿರಲಿ, ಮದುವೆಯ ಮನೆಯಿರಲಿ, ಗೋಡೆಯ ಮೇಲೊಂದು ಬಿಳಿಯ ಬಟ್ಟೆಯನ್ನು ಕಟ್ಟಿ, ದೀಪಗಳನ್ನು ಆರಿಸಿ, ಒಂದಾದ ಮೇಲೊಂದರಂತೆ ಚಿತ್ರಗಳನ್ನು ತೋರಿಸುವ ಪರಿಪಾಠವು ಬೆಳೆದಿರುವುದು. ಗೊಡಚಿಯ ವೀರಭದ್ರೇಶ್ವರನ ಜಾತ್ರೆಗೆ ಹೋಗಿ ಬಂದವರು ಜಾತ್ರೆಯನ್ನು ತೋರಿಸುವರು. ಬದಾಮಿ, ಐಹೊಳೆ, ಪಟ್ಟದಕಲ್ಲುಗಳ ಪ್ರವಾಸ ಮಾಡಿದವರು ಗುಡಿಗಳನ್ನು ತೋರಿಸುವರು. ಮಗನ ಮನೆಗೆಂದು ಪರದೇಶಕ್ಕೆ ಹೋಗಿ ಬಂದ ತಂದೆತಾಯಿಗಳು ಹಿಮವನ್ನೂ ಸೇತುವೆಗಳನ್ನೂ ತೋರಿಸುವರು. ಪ್ರದರ್ಶನವು ಮುಗಿದು ದೀಪ ಹತ್ತಿದ ಕೂಡಲೇ ಸಭಿಕರು ಚಪ್ಪಾಳೆ ತಟ್ಟುವರು. "ಬಹಳ ಛಲೋ ಆದವು" ಎನ್ನುವರು. ಚಹ ಕುಡಿದು ಎದ್ದು ಹೋಗುವರು.

ನಿಜವಾದ ವಿಮರ್ಶೆಯು ಆರಂಭವಾಗುವುದು ಮನೆಗೆ ಹೋಗುವ ದಾರಿಯಲ್ಲಿ. "ಒಂದೇ ಗೋಪುರವನ್ನು ಎಂಟು ಸಲ ತೋರಿಸಿದರಲ್ಲ!" ಎಂದು ಒಬ್ಬರು, "ಯಾವ ಊರಿನ ಚಿತ್ರವೆಂಬುದೇ ತಿಳಿಯಲಿಲ್ಲ" ಎಂದು ಇನ್ನೊಬ್ಬರು, "ಅರ್ಧಕ್ಕೇ ನಿದ್ದೆ ಬಂತು" ಎಂದು ಮತ್ತೊಬ್ಬರು. ಈ ಮಾತುಗಳೆಲ್ಲ ಸತ್ಯವಾದುವು, ಉಪಯುಕ್ತವಾದುವು. ಆದರೆ ಇವನ್ನು ಯಾವನು ಕೇಳಬೇಕೋ ಅವನೊಬ್ಬನ ಕಿವಿಗೆ ಮಾತ್ರ ಇವು ಬೀಳುವುದಿಲ್ಲ. ಅವನು ಮುಂದಿನ ವರ್ಷವೂ ಅದೇ ಗೋಪುರವನ್ನು ಎಂಟು ಸಲ ತೋರಿಸುವನು.

ಇದು ಅಲ್ಪ ವಿಷಯವೆಂದು ಕೆಲವರು ಎಣಿಸಬಹುದು. ಆದರೆ ಚಿತ್ರ ತೋರಿಸುವವನು ಅರಿಯದೆಯೇ ಉಪಾಧ್ಯಾಯನೂ ಇತಿಹಾಸಕಾರನೂ ಆಗುತ್ತಾನೆ. ಅವನ ತಪ್ಪು ಅವನಲ್ಲಿಯೇ ನಿಲ್ಲುವುದಿಲ್ಲ. ನೋಡಿದವರ ಮನಸ್ಸಿನಲ್ಲಿ ಸತ್ಯವಾಗಿ ನೆಲಸುತ್ತದೆ. ಆದುದರಿಂದ ಅವನಿಗೆ ದೋಷವನ್ನು ಹೇಳುವುದು ಹೇಗೆ, ಹೇಳದಿದ್ದರೆ ಆಗುವ ಹಾನಿ ಯಾವುದು, ಈ ವಿಷಯದಲ್ಲಿ ನಮ್ಮ ಹಿರಿಯರು ನಡೆದ ದಾರಿ ಯಾವುದು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶವು.

ಪಟದರ್ಶನದ ಪ್ರಾಚೀನತೆ

ಚಿತ್ರಗಳನ್ನು ಕ್ರಮವಾಗಿ ತೋರಿಸುತ್ತ ಕಥೆ ಹೇಳುವ ವಿದ್ಯೆಯು ಪಶ್ಚಿಮದಿಂದ ಬಂದುದೆಂದು ತಿಳಿಯಲು ಕಾರಣವಿಲ್ಲ. ವಿಶಾಖದತ್ತನ ಮುದ್ರಾರಾಕ್ಷಸದ ಪ್ರಥಮಾಂಕದಲ್ಲಿ ಚಾಣಕ್ಯನ ಚಾರನು ಯಮಪಟವನ್ನು ಹಿಡಿದು, ಹಾಡು ಹೇಳುತ್ತ ಮನೆಮನೆಗೆ ಹೋಗುವ ವೇಷದಲ್ಲಿ ಬರುವನು. ಬಾಣಭಟ್ಟನ ಹರ್ಷಚರಿತದಲ್ಲಿ ಯಮಪಟ್ಟಿಕನೊಬ್ಬನು ಹುಡುಗರ ಗುಂಪಿನ ನಡುವೆ ನಿಂತು, ಪಟದೊಳಗಿನ ಯಮನನ್ನು ಕಡ್ಡಿಯಿಂದ ತೋರಿಸುವ ವರ್ಣನೆಯಿದೆ. ನಮ್ಮ ನಾಡಿನ ತೊಗಲುಗೊಂಬೆಯಾಟದವರು ದೀಪದ ಮುಂದೆ ಬಣ್ಣದ ತೊಗಲನ್ನು ಹಿಡಿದು ಪರದೆಯ ಮೇಲೆ ರಾಮಾಯಣವನ್ನು ಮೂಡಿಸುತ್ತ ಬಂದಿರುವುದೂ ಇದೇ ವಂಶಕ್ಕೆ ಸೇರಿದ ವಿದ್ಯೆಯೇ.

ಆದರೆ ಪ್ರಸ್ತುತ ವಿಷಯಕ್ಕೆ ಅತ್ಯಂತ ಸಮೀಪವಾದುದು ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವು. ಅಲ್ಲಿ ರಾಮನ ಚರಿತ್ರೆಯನ್ನೇ ಬರೆಸಿದ ಚಿತ್ರಗಳನ್ನು ಲಕ್ಷ್ಮಣನು ಒಂದೊಂದಾಗಿ ರಾಮಸೀತೆಯರಿಗೆ ತೋರಿಸುತ್ತಾನೆ. ಲಕ್ಷ್ಮಣನು ತೋರಿಸುವವನು, ಸೀತೆಯು ಪ್ರಶ್ನಿಸುವ ಪ್ರೇಕ್ಷಕಳು, ರಾಮನು ತನ್ನ ಕಥೆಯನ್ನು ತಾನೇ ನೋಡುವವನು. ತನ್ನ ಪ್ರಶಂಸೆಗೆ ಅವಕಾಶ ಬರುವ ಕಡೆ ರಾಮನು, ನೋಡತಕ್ಕದ್ದು ಇನ್ನೂ ಬಹಳವಿದೆ, ಮುಂದಿನದನ್ನು ತೋರಿಸು ಎನ್ನುತ್ತಾನೆ. ಸೀತೆಯು ಬೆದರಿದಾಗ, ಇದು ಕೇವಲ ಚಿತ್ರವೆಂದು ಸಮಾಧಾನ ಹೇಳುತ್ತಾನೆ. ಚಿತ್ರವನ್ನು ನೋಡುವುದೆಂದರೆ ಸುಮ್ಮನೆ ಕುಳಿತುಕೊಳ್ಳುವುದಲ್ಲ, ಕೇಳುವುದು, ತಡೆಯುವುದು, ಮುಂದೆ ಸಾಗಿಸುವುದು ಎಂಬುದನ್ನು ಆ ಕವಿಯು ಎಷ್ಟು ಸಹಜವಾಗಿ ತೋರಿಸಿದ್ದಾನೆ! ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಶಕುಂತಲೆಯ ಚಿತ್ರವನ್ನು ನೋಡಿ, ಮಾಲಿನೀ ನದಿಯೂ ಹಿಮಾಲಯದ ತಪ್ಪಲೂ ಇನ್ನೂ ಬರೆಯುವುದು ಉಳಿದಿದೆಯೆಂದು ಹೇಳುತ್ತಾನೆ. ತನ್ನ ಕೃತಿಯ ಕೊರತೆಯನ್ನು ತಾನೇ ಕಾಣುವ ಶಕ್ತಿಯು ದುರ್ಲಭವಾದುದು. ಅರಸನಿಗೆ ವಿರಹವು ಆ ಕಣ್ಣನ್ನು ಕೊಟ್ಟಿತು. ಉಳಿದವರಿಗೆ ಅದನ್ನು ಕೊಡಬೇಕಾದವರು ಪ್ರೇಕ್ಷಕರೇ.

ದೀಪದಿಂದ ಗಾಜಿನ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ತೋರಿಸುವ ಯಂತ್ರವನ್ನು, ಅಂದರೆ ಮ್ಯಾಜಿಕ್ ಲ್ಯಾಂಟರ್ನನ್ನು, 1659ರಲ್ಲಿ ಹಾಲೆಂಡಿನ ಹೈಗೆನ್ಸನೆಂಬ ವಿಜ್ಞಾನಿಯು ನಿರ್ಮಿಸಿದನು. ಮೊದಲು ಅದರಲ್ಲಿ ಕೈಯಿಂದ ಬರೆದ ಚಿತ್ರಗಳೇ ಇದ್ದುವು. ಅಮೇರಿಕೆಯ ಫಿಲಡೆಲ್ಫಿಯಾದ ಲಾಂಗೆನ್‌ಹೈಮ್ ಸಹೋದರರು 1850ರಲ್ಲಿ ಗಾಜಿನ ಮೇಲೆ ಛಾಯಾಚಿತ್ರವನ್ನೇ ಮೂಡಿಸುವ ವಿಧಾನಕ್ಕೆ ಹಕ್ಕು ಪಡೆದರು. ಅಂದಿನಿಂದ ಛಾಯಾಚಿತ್ರಮಾಲೆಯು ಹುಟ್ಟಿತೆನ್ನಬಹುದು. ನಮ್ಮ ನೆರೆಯ ಮಹಾರಾಷ್ಟ್ರದ ಕಲ್ಯಾಣದಲ್ಲಿ ಪಟವರ್ಧನರು 1890ರ ದಶಕದಲ್ಲಿ ಇಂಥ ದೀಪಗಳಿಂದ ಪುರಾಣಕಥೆಗಳನ್ನು ತೋರಿಸುತ್ತ ಊರೂರು ತಿರುಗಿದರು. ಆ ಪ್ರದರ್ಶನಕ್ಕೆ ಅವರು ಇಟ್ಟ ಹೆಸರು 'ಶಾಂಬರಿಕ ಖರೋಲಿಕಾ'. ಶಂಬರನೆಂದರೆ ಮಾಯಾವಿಯಾದ ಅಸುರನು. ಹೆಸರಿನಲ್ಲಿಯೇ ಎಚ್ಚರಿಕೆಯೂ ಅಡಗಿದೆ: ಪರದೆಯ ಮೇಲೆ ಬೆಳಗಿದುದನ್ನೆಲ್ಲ ಜನರು ನಂಬಿಬಿಡುತ್ತಾರೆ.

ನಮ್ಮ ನಾಡಿಗೆ ಕ್ಯಾಮರಾ ಬಂದ ಬಗೆ

ಕನ್ನಡನಾಡಿನ ಶಿಲ್ಪಗಳು ಛಾಯಾಚಿತ್ರಗಳ ಮೂಲಕ ಹೊರಲೋಕಕ್ಕೆ ಪರಿಚಿತವಾದುದು ಬಹಳ ಬೇಗನೆ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪನು ಇನ್ನೂ ಹವ್ಯಾಸಿಯಾಗಿದ್ದಾಗಲೇ, 1854ರ ಡಿಸೆಂಬರದಲ್ಲಿ ಬೇಲೂರು, ಹಳೇಬೀಡುಗಳಿಗೆ ಹೋಗಿ ಚಿತ್ರ ತೆಗೆದನು. ಆ ಚಿತ್ರಗಳನ್ನು 1855ರ ಮದರಾಸಿನ ಮಹಾಪ್ರದರ್ಶನದಲ್ಲಿ ಇಟ್ಟಾಗ, ಪರೀಕ್ಷಕಮಂಡಲವು ಅವನ್ನು ಪರಿಶೀಲಿಸಿ ಪ್ರಥಮ ವರ್ಗದ ಪದಕವನ್ನು ಕೊಟ್ಟಿತು. ಮರುವರ್ಷವೇ ಅವನು ಮದರಾಸು ಸರಕಾರದ ಛಾಯಾಚಿತ್ರಗಾರನಾದನು. ಹವ್ಯಾಸಿಯ ಚಿತ್ರಗಳನ್ನು ತಿಳಿದವರು ನೋಡಿ, ಬಹಿರಂಗವಾಗಿ ಬೆಲೆ ಕಟ್ಟಿದುದರ ಫಲವೇನೆಂಬುದಕ್ಕೆ ಇದೊಂದು ನಿದರ್ಶನವು.

ಇತ್ತ ನಮ್ಮ ಭಾಗದಲ್ಲಿ ಮುಂಬಯಿ ತೋಪಖಾನೆಯ ಕ್ಯಾಪ್ಟನ್ ಬಿಗ್ಸನು 1855ರಲ್ಲಿ ಸರಕಾರದ ಅಪ್ಪಣೆಯಂತೆ ವಿಜಾಪುರ, ಬದಾಮಿ, ಐಹೊಳೆಗಳ ಕಟ್ಟಡಗಳನ್ನು ಚಿತ್ರಿಸಿದನು. ಅದೇ ವರ್ಷದ ಕೊನೆಗೆ ಅವನನ್ನು ಸೈನ್ಯಕ್ಕೆ ಮರಳಿ ಕರೆಸಿದ್ದರಿಂದ, ಆ ಕೆಲಸವನ್ನು ವೈದ್ಯನಾದ ಪಿಗೌ ಎಂಬವನು ಮುಂದುವರಿಸಿದನು. ಆಗಿನ ಚಿತ್ರಗ್ರಹಣವು ಇಂದಿನಂತೆ ಬೆರಳ ತುದಿಯ ಕೆಲಸವಲ್ಲ. ರಸಾಯನದಲ್ಲಿ ನೆನೆಸಿದ ಕಾಗದವೇ ಋಣಚಿತ್ರ. ಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಕಾಯಬೇಕು. ಆ ರಸಾಯನವು ನೀಲಿಯ ಬೆಳಕನ್ನೇ ಹೆಚ್ಚಾಗಿ ಹಿಡಿಯುತ್ತಿದ್ದುದರಿಂದ ಆಕಾಶವೆಲ್ಲ ಬರಿಯ ಬಿಳುಪಾಗಿ ಮೂಡುತ್ತಿತ್ತು. ಟ್ರೈಪನು ಕೆಲವು ಋಣಚಿತ್ರಗಳ ಮೇಲೆ ಕೈಯಿಂದಲೇ ಮೋಡಗಳನ್ನು ಬರೆದುದುಂಟು. ದೋಷವನ್ನು ಕಂಡು ತಿದ್ದಿಕೊಳ್ಳುವ ಹಂಬಲವು ಆ ಕಾಲಕ್ಕೇ ಇದ್ದಿತೆಂಬುದಕ್ಕೆ ಇದು ಸಾಕ್ಷಿ.

ಬಿಗ್ಸ್, ಪಿಗೌ, ನೀಲ್ ಇವರ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ ಲಂಡನ್ನಿನಲ್ಲಿ ಅಚ್ಚಾದುವು. ಅದಕ್ಕೆ ಇತಿಹಾಸವನ್ನು ಬರೆದವನು ಮೆಡೋಸ್ ಟೇಲರ್. ಶಿಲ್ಪವಿವೇಚನೆ ಮಾಡಿದವನು ಜೇಮ್ಸ್ ಫರ್ಗುಸನ್. ಈ ಫರ್ಗುಸನ್ನನು ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು ಬರೆಯುವಾಗ ಛಾಯಾಚಿತ್ರಗಳ ಸಂಗ್ರಹವನ್ನು ಬಹುಮಟ್ಟಿಗೆ ಅವಲಂಬಿಸಿದನು. ಗುಡಿಯು ಮಲಪ್ರಭೆಯ ದಡದಲ್ಲಿ; ಅದರ ವಿಚಾರ ಮಾಡುವವನು ಲಂಡನ್ನಿನಲ್ಲಿ; ನಡುವೆ ಇರುವುದು ಒಂದು ಚಿತ್ರ ಮಾತ್ರ. ಚಿತ್ರದ ಕೆಳಗಿನ ಹೆಸರು ತಪ್ಪಿದರೆ, ಕೋನವು ಮೋಸ ಮಾಡಿದರೆ, ಸಾವಿರಾರು ಹರದಾರಿಗಳ ಆಚೆ ಇತಿಹಾಸವೇ ತಪ್ಪುವುದು. ಆದುದರಿಂದ ಚಿತ್ರವನ್ನು ಪರೀಕ್ಷಿಸುವ ಕೆಲಸವು ಮೊದಲಿನಿಂದಲೂ ಚಿತ್ರ ತೆಗೆಯುವ ಕೆಲಸದಷ್ಟೇ ಅವಶ್ಯವಾಗಿದ್ದಿತು.

ಇದನ್ನು ಅರಿತೇ ಅಂದಿನ ಹವ್ಯಾಸಿಗಳು ಸಂಘಗಳನ್ನು ಕಟ್ಟಿಕೊಂಡರು. ಮುಂಬಯಿಯ ಛಾಯಾಚಿತ್ರ ಸಂಘವು 1854ರಲ್ಲಿಯೂ, ಮದರಾಸು ಮತ್ತು ಬಂಗಾಲದ ಸಂಘಗಳು 1856ರಲ್ಲಿಯೂ ಹುಟ್ಟಿದುವು. ಆದರೆ ಸಂಘವಿದ್ದ ಮಾತ್ರಕ್ಕೆ ನಿಷ್ಠುರವಾದ ಸತ್ಯಕ್ಕೆ ಜಾಗವಿರುತ್ತದೆಂದು ತಿಳಿಯಬಾರದು. ಬಂಗಾಲದ ಸಂಘದ ಕೋಶಾಧಿಕಾರಿಯಾಗಿದ್ದ ಪಂಡಿತ ರಾಜೇಂದ್ರಲಾಲ ಮಿತ್ರರು ನೀಲಿಯ ತೋಟದ ಐರೋಪ್ಯ ಯಜಮಾನರನ್ನು ಸಾರ್ವಜನಿಕವಾಗಿ ಖಂಡಿಸಿದರೆಂಬ ಕಾರಣದಿಂದ 1857ರಲ್ಲಿ ಅವರನ್ನು ಸಂಘದಿಂದಲೇ ಹೊರಹಾಕಿದರು. ಚಿತ್ರದ ದೋಷವನ್ನು ಕೇಳಬಲ್ಲವರು ತಮ್ಮ ದೋಷವನ್ನು ಕೇಳಲಾರದೆ ಹೋದರು! ಮುಂದೆ ಬೆಂಗಳೂರಿನಲ್ಲಿ ಡಾ. ಜಿ. ಥಾಮಸ್ ಅವರಂಥವರ ಪರಿಶ್ರಮದಿಂದ 1953ರಲ್ಲಿ ಅಖಿಲ ಭಾರತದ ಛಾಯಾಚಿತ್ರ ಸಂಘಗಳ ಒಕ್ಕೂಟವು ಸ್ಥಾಪಿತವಾಯಿತು. 1971ರಲ್ಲಿ ಅಲ್ಲಿಯ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು ಹುಟ್ಟಿತು. ದೊಡ್ಡ ನಗರಗಳ ಹವ್ಯಾಸಿಗೆ ಹೀಗೆ ತಿದ್ದುವವರು ದೊರೆತರು. ಹಳ್ಳಿಯ ಹವ್ಯಾಸಿಗೆ ದೊರೆಯುವುದು ಚಪ್ಪಾಳೆ ಮಾತ್ರ.

ನನ್ನ ಎರಡು ಅಪರಾಧಗಳು

ಇಲ್ಲಿ ಸ್ವಂತದ ಮಾತನ್ನು ಹೇಳಬೇಕಾಗಿದೆ, ವಾಚಕರು ಕ್ಷಮಿಸಬೇಕು.

ನಾನು ಉಪಾಧ್ಯಾಯನಾದ ಹೊಸದರಲ್ಲಿ, 1986ರ ಸುಮಾರಿಗೆ, ಒಬ್ಬ ಬಂಧುವಿನಿಂದ ಎರವಲು ತಂದ ಕ್ಯಾಮರಾದಿಂದ ಬದಾಮಿ, ಐಹೊಳೆ, ಪಟ್ಟದಕಲ್ಲುಗಳ ಬಣ್ಣದ ಸ್ಲೈಡುಗಳನ್ನು ತೆಗೆದೆನು. ಮೂವತ್ತಾರು ಚಿತ್ರಗಳ ಒಂದು ಸುರುಳಿಗೆ ಆ ಕಾಲದ ನನ್ನ ಸಂಬಳದಲ್ಲಿ ಸಣ್ಣದಲ್ಲದ ಪಾಲು ಹೋಯಿತು. ರಟ್ಟಿನ ಚೌಕಟ್ಟಿನಲ್ಲಿ ಕೂಡಿಸಿದ ಆ ಸ್ಲೈಡುಗಳನ್ನು ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆನು. ಐಹೊಳೆಯ ಗಜಪೃಷ್ಠಾಕಾರದ ಗುಡಿಯು ಪರದೆಯ ಮೇಲೆ ಬಂದಾಗ, "ಇದು ದುರ್ಗಾದೇವಿಯ ಗುಡಿ, ಚಾಲುಕ್ಯರು ಶಕ್ತಿಯ ಉಪಾಸಕರಾಗಿದ್ದುದಕ್ಕೆ ಇದೇ ಪ್ರಮಾಣ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆನು. ಆ ಗುಡಿಗೆ ಆ ಹೆಸರು ಬಂದುದು ದೇವಿಯಿಂದಲ್ಲ, ಮಗ್ಗುಲಲ್ಲಿದ್ದ ದುರ್ಗದಿಂದ, ಅಂದರೆ ಕೋಟೆಯಿಂದ. ಅದು ಮೂಲತಃ ಸೂರ್ಯನಿಗೆ ಅರ್ಪಿತವಾದುದೆಂದು ಶಾಸನದಿಂದ ತಿಳಿಯುತ್ತದೆ. ಈ ಸಂಗತಿಯು ನನಗೆ ಗೊತ್ತಾದುದು ಹನ್ನೊಂದು ವರ್ಷಗಳ ಮೇಲೆ, ನಾನೇ ಒಂದು ಪುಸ್ತಕವನ್ನು ಓದಿದಾಗ. ಆ ದಿನ ನನ್ನ ಹಿರಿಯ ಸಹೋದ್ಯೋಗಿಗಳೊಬ್ಬರಿಗೆ ಅದನ್ನು ಹೇಳಿದೆನು. ಅವರು ನಕ್ಕು, "ನನಗೆ ಮೊದಲೇ ಗೊತ್ತಿತ್ತು; ನಿಮಗೆ ಬೇಸರವಾದೀತೆಂದು ಸುಮ್ಮನಿದ್ದೆ" ಎಂದರು. ನನ್ನ ಬೇಸರವನ್ನು ತಪ್ಪಿಸಲಿಕ್ಕೆ ಹನ್ನೊಂದು ತರಗತಿಗಳ ಮಕ್ಕಳು ಸುಳ್ಳನ್ನು ಕಲಿತರು. ಅವರಲ್ಲಿ ಕೆಲವರು ಇಂದು ತಾವೇ ಉಪಾಧ್ಯಾಯರಾಗಿದ್ದಾರೆ.

ಎರಡನೆಯ ಅಪರಾಧವು ಇದಕ್ಕಿಂತ ದೊಡ್ಡದು. ಆ ಪ್ರಸಂಗದಿಂದ ನನಗೆ ಮೌನದ ಮೇಲೆ ರೋಷವು ಹುಟ್ಟಿತು; ಇನ್ನು ಮುಂದೆ ಸತ್ಯವನ್ನೇ ಹೇಳುವೆನೆಂದು ನಿಶ್ಚಯಿಸಿದೆನು. ಕೆಲವು ತಿಂಗಳ ನಂತರ ಒಬ್ಬ ತರುಣನು ಜಾತ್ರೆಯ ಚಿತ್ರಗಳನ್ನು ಒಂದು ಸಭೆಯಲ್ಲಿ ತೋರಿಸಿದನು. ಚಿತ್ರಗಳು ಬಹಳ, ಕ್ರಮವಿಲ್ಲ, ಕೆಲವು ಮಸಕು. ಮುಗಿದ ಮೇಲೆ ನಾನು ಎದ್ದು ನಿಂತು, ಒಂದೊಂದೇ ದೋಷವನ್ನು ಎಣಿಸಿ ಹೇಳಿದೆನು. ಸಭಿಕರು ನಕ್ಕರು, ಆ ನಗೆಯಿಂದ ನನಗೆ ಹುರುಪು ಬಂತು, ಇನ್ನೆರಡು ದೋಷಗಳನ್ನು ಕೂಡಿಸಿದೆನು. ನಾನು ಹೇಳಿದುದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹಲವು ವರ್ಷಗಳ ಮೇಲೆ ರಾಮದುರ್ಗದ ಪೇಟೆಯಲ್ಲಿ ಅವನು ಭೇಟಿಯಾದನು. ಚಿತ್ರಗಳ ವಿಷಯ ಕೇಳಿದೆನು. "ಆ ಕ್ಯಾಮರಾ ಅದೇ ವರ್ಷ ಮಾರಿದೆ, ಗುರುಗಳೇ" ಎಂದು ಹೇಳಿ, ಚಹ ತರಿಸಿದನು. ಆ ಚಹವು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅವನ ಚಿತ್ರಗಳಲ್ಲಿ ಒಂದು ಇಂದಿಗೂ ನೆನಪಿದೆ: ಪಲ್ಲಕ್ಕಿಯ ಕೆಳಗೆ ಹೊತ್ತವರ ಬರಿಗಾಲುಗಳು ಮಾತ್ರ, ಧೂಳಿನಲ್ಲಿ. ಅಂಥ ಚಿತ್ರವನ್ನು ನಾನೆಂದೂ ತೆಗೆಯಲಿಲ್ಲ. ಅದನ್ನು ಅಂದು ಅವನಿಗೆ ಹೇಳಲಿಲ್ಲ.

ಮೌನದಿಂದ ಸುಳ್ಳು ಬೆಳೆಯಿತು. ಕಟುವಾಕ್ಯದಿಂದ ಒಂದು ವಿದ್ಯೆಯು ಸತ್ತಿತು. ಇವೆರಡರ ನಡುವಿನ ದಾರಿ ಯಾವುದು?

ಕವಿರಾಜಮಾರ್ಗದ ದಾರಿ

ಆ ದಾರಿಯನ್ನು ಹುಡುಕಲಿಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕನ್ನಡದಲ್ಲಿ ಉಪಲಬ್ಧವಾದ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿತು. ಅದರ ಕರ್ತೃ ಶ್ರೀವಿಜಯನೆಂದು ವಿದ್ವಾಂಸರ ಅಭಿಪ್ರಾಯ. ಅದನ್ನು 1898ರಲ್ಲಿ ಕೆ. ಬಿ. ಪಾಠಕರು ಸಂಪಾದಿಸಿ ಅಚ್ಚು ಹಾಕಿಸಿದರು. ತಿರುಳ್ಗನ್ನಡದ ನಾಡೆಂದು ಆ ಗ್ರಂಥವು ಹೇಳುವ ನಾಲ್ಕು ಊರುಗಳನ್ನು ವಾಚಕರು ಬಲ್ಲರು: ಕಿಸುವೊಳಲೆಂದರೆ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ, ಒಂಕುಂದವೆಂದರೆ ನಮ್ಮ ಬೈಲಹೊಂಗಲ ತಾಲೂಕಿನ ಒಕ್ಕುಂದ. ಒಕ್ಕುಂದಕ್ಕೂ ಪಟ್ಟದಕಲ್ಲಿಗೂ ನಡುವಿನ ದಾರಿಯ ಮಗ್ಗುಲಲ್ಲಿಯೇ ನಮ್ಮ ಕಟಕೋಳವಿದೆ. ಓದು ಕಲಿಯದವರೂ ಕಾವ್ಯದ ಹದವನ್ನು ಬಲ್ಲರೆಂದು ಆ ಕವಿಯು ಹೊಗಳಿದುದು ನಮ್ಮ ನಾಡಿನ ಪೂರ್ವಜರನ್ನೇ.

ಆಶ್ಚರ್ಯವೇನೆಂದರೆ, ಕನ್ನಡದ ಈ ಮೊದಲನೆಯ ಗ್ರಂಥವು ಕಥೆಯಲ್ಲ, ಸ್ತೋತ್ರವಲ್ಲ, ಅದು ಗುಣದೋಷವಿಚಾರವು. ಅದರ ಪ್ರಥಮ ಪರಿಚ್ಛೇದವೇ ದೋಷಗಳನ್ನು ಕುರಿತುದು. ಅದರಲ್ಲಿ ಒಂದು ಉಪಮೆಯಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದಂತೆ, ಮನುಷ್ಯನು ಏನು ಮಾಡಿದರೂ ತನ್ನ ದೋಷವನ್ನು ತಾನು ಕಾಣಲಾರನು ಎಂಬುದೇ ಅದರ ತಾತ್ಪರ್ಯ. ಛಾಯಾಚಿತ್ರಗಾರನಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ಯಾವುದಿದೆ? ಅವನ ವಿದ್ಯೆಯೆಲ್ಲ ಕಣ್ಣಿನ ವಿದ್ಯೆ; ಕಾಡಿಗೆ ಇರುವುದೂ ಆ ಕಣ್ಣಿನಲ್ಲಿಯೇ. ಗುಡ್ಡವನ್ನು ಏರಿದ ದಣಿವು, ಅಂದಿನ ಗಾಳಿ, ಜೊತೆಗಾರರ ಹಾಸ್ಯ ಇವೆಲ್ಲವೂ ಅವನಿಗೆ ಆ ಚಿತ್ರದಲ್ಲಿ ಕಾಣುತ್ತವೆ. ನಮಗೆ ಒಂದು ಬಂಡೆ ಮಾತ್ರ ಕಾಣುತ್ತದೆ. ಅವನು ಮೋಸಗಾರನಲ್ಲ, ಕಾಡಿಗೆಯುಳ್ಳವನು.

ಇದಕ್ಕಿಂತ ಮುಖ್ಯವಾದುದು ಆ ಗ್ರಂಥದ ವಿಧಾನವು. ಶ್ರೀವಿಜಯನು ದೋಷವುಳ್ಳ ಪದ್ಯವನ್ನು ಕೊಟ್ಟು, "ಇದು ಕೆಟ್ಟದು" ಎಂದು ಹೇಳಿ ಸುಮ್ಮನಾಗುವುದಿಲ್ಲ. ಅದೇ ಪದ್ಯವನ್ನು ತಿದ್ದಿ, ಸರಿಯಾದ ರೂಪವನ್ನು ಅದರ ಬಗಲಲ್ಲಿಯೇ ಇಡುತ್ತಾನೆ. ಎರಡನ್ನೂ ಓದಿದವನಿಗೆ ಉಪದೇಶವೇ ಬೇಕಾಗುವುದಿಲ್ಲ. ತಿದ್ದಿ ತೋರಿಸಲಾರದವನಿಗೆ ದೋಷ ಹೇಳುವ ಅಧಿಕಾರವು ಅರ್ಧ ಮಾತ್ರ ಎಂಬ ಪಾಠವನ್ನು ನಾನು ಇದರಿಂದ ಕಲಿತೆನು. ಕಲಿಯುವಷ್ಟರಲ್ಲಿ ಆ ತರುಣನ ಕ್ಯಾಮರಾ ಮಾರಿ ಹೋಗಿದ್ದಿತು.

ಚಿತ್ರಮಾಲೆಗೆ ಈ ಶಾಸ್ತ್ರದ ಅನ್ವಯ

ಕವಿರಾಜಮಾರ್ಗಕ್ಕೆ ಬಹುಮಟ್ಟಿಗೆ ಆಧಾರವಾದ ದಂಡಿಯ ಕಾವ್ಯಾದರ್ಶದಲ್ಲಿ ಹತ್ತು ದೋಷಗಳ ಎಣಿಕೆಯಿದೆ. ಪಾಠಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡುವಾಗ, ಮುಂದೊಂದು ದಿನ ಬಣ್ಣದ ಚಿತ್ರಗಳಿಗೆ ಇವು ಉಪಯೋಗಕ್ಕೆ ಬಂದಾವೆಂದು ನಾನು ಎಣಿಸಿರಲಿಲ್ಲ. ಅವುಗಳಲ್ಲಿ ಕೆಲವನ್ನು ಇಲ್ಲಿ ಹೇಳುವೆನು.

ಬಿಡಿಬಿಡಿಯಾಗಿ ಅರ್ಥವುಳ್ಳ ಮಾತುಗಳು ಕೂಡಿದಾಗ ಒಂದು ಅರ್ಥವನ್ನು ಕೊಡದಿದ್ದರೆ ಅದು ಅಪಾರ್ಥವು. ಪ್ರತಿಯೊಂದು ಚಿತ್ರವೂ ಚೆಲುವಾಗಿದ್ದು, ನಲವತ್ತು ನೋಡಿದ ಮೇಲೆ "ಇದೆಲ್ಲ ಏತಕ್ಕೆ?" ಎನ್ನಿಸಿದರೆ ಅದೇ ದೋಷ. ಹೇಳಿದುದನ್ನೇ ಹೇಳುವುದು ಏಕಾರ್ಥ; ಎಂಟು ಗೋಪುರಗಳ ಕಥೆ ಇದೇ. ಮೂವತ್ತಾರೇ ಚಿತ್ರಗಳಿದ್ದ ಕಾಲದಲ್ಲಿ ಜಿಪುಣತನವೇ ನಮ್ಮನ್ನು ಈ ದೋಷದಿಂದ ಕಾಪಾಡುತ್ತಿದ್ದಿತು. ಈಗ ಕೈಯೊಳಗಿನ ಫೋನಿನಲ್ಲಿ ಸಾವಿರ ಚಿತ್ರಗಳು ಹಿಡಿಯುವುದರಿಂದ ಆರಿಸುವ ಕಷ್ಟವನ್ನು ಮನುಷ್ಯನೇ ಹೊರಬೇಕು. ಕ್ರಮ ತಪ್ಪುವುದು ಅಪಕ್ರಮ: ತೇರು ಸಾಗಿದ ಮೇಲೆ ತೇರಿಗೆ ಹೂ ಕಟ್ಟುವ ಚಿತ್ರ ಬಂದಂತೆ. ನಿಲ್ಲಬೇಕಾದಲ್ಲಿ ನಿಲ್ಲದಿರುವುದು ಯತಿಭ್ರಷ್ಟ: ನೋಡಿ ಮುಗಿಯದ ಮೊದಲೇ ಚಿತ್ರವು ಜಾರುವುದು, ನೋಡಿ ದಣಿದ ಮೇಲೂ ನಿಂತಿರುವುದು. ಒಂದಕ್ಕೊಂದು ಬೆಸುಗೆಯಿಲ್ಲದಿರುವುದು ವಿಸಂಧಿ: ಬದಾಮಿಯ ಗುಹೆಯಿಂದ ಒಮ್ಮೆಲೇ ಊಟದ ಎಲೆಗೆ ಹಾರುವುದು. ಕಡೆಯದು ದೇಶ, ಕಾಲ, ಆಗಮಗಳಿಗೆ ವಿರೋಧ. ನನ್ನ ದುರ್ಗಾದೇವಿಯು ಇದಕ್ಕೆ ಉದಾಹರಣೆ. ಉಳಿದ ದೋಷಗಳನ್ನು ಸಮಯ ನೋಡಿ ಸಾವಕಾಶವಾಗಿ ಹೇಳಬಹುದು. ಇದೊಂದನ್ನು ಮಾತ್ರ ಅಂದೇ, ಸಭೆಯು ಏಳುವ ಮೊದಲೇ, ವಿನಯದಿಂದ ಹೇಳತಕ್ಕದ್ದು. ಯಾಕಂದರೆ ಇದು ಎದ್ದು ಹೋದವರ ಜೊತೆಗೆ ಹೋಗುವುದು.

ಆದರೆ ಶಾಸ್ತ್ರಕಾರರು ಇಷ್ಟಕ್ಕೇ ನಿಲ್ಲಲಿಲ್ಲ. ಮುಖ್ಯವಾದ ಅರ್ಥಕ್ಕೆ ಭಂಗ ತರುವುದೇ ದೋಷವೆಂದು ಮಮ್ಮಟನು ಲಕ್ಷಣ ಹೇಳಿದನು. ಒಂದೆಡೆ ದೋಷವಾದುದು ಇನ್ನೊಂದೆಡೆ ಗುಣವಾಗಬಹುದು. ಶೃಂಗಾರದಲ್ಲಿ ಸಲ್ಲದ ಪರುಷವರ್ಣಗಳು ರೌದ್ರಕ್ಕೆ ಶೋಭೆ. ಬದಾಮಿಯ ಗುಹೆಗಳು ಉತ್ತರಕ್ಕೆ ಮುಖವಾಗಿರುವುದರಿಂದ ಒಳಗ��� ಬಿಸಿಲು ನೇರವಾಗಿ ಬೀಳದು. 578ರಲ್ಲಿ ಮಂಗಳೇಶನು ಪೂರ್ತಿಗೊಳಿಸಿದ ಮೂರನೆಯ ಗುಹೆಯ ಚಿತ್ರದಲ್ಲಿ ಕತ್ತಲೆ ಹೆಚ್ಚಾಯಿತೆಂದು ಯಾರಾದರೂ ಆಕ್ಷೇಪಿಸಿದರೆ, ಅದು ಗುಹೆಯ ಸ್ವಭಾವವೋ ಚಿತ್ರದ ದೋಷವೋ ಎಂದು ಮೊದಲು ಕೇಳಬೇಕು. ಅನಂತಶಾಯಿಯಲ್ಲ, ಅನಂತನ ಮೇಲೆ ಕುಳಿತ ವಿಷ್ಣುವಿನ ಮುಖವನ್ನು ತೋರಿಸುವುದೇ ಉದ್ದೇಶವಾಗಿದ್ದರೆ ಕತ್ತಲೆಯು ದೋಷ. ಗುಹೆಯೊಳಗೆ ಕಾಲಿಟ್ಟವನ ಅನುಭವವನ್ನು ಕೊಡುವುದು ಉದ್ದೇಶವಾಗಿದ್ದರೆ ಅದೇ ಗುಣ. ಆದುದರಿಂದ ವಿಮರ್ಶಕನ ಮೊದಲನೆಯ ಮಾತು ಪ್ರಶ್ನೆಯಾಗಿರಬೇಕು: "ನೀವು ನಮಗೆ ಏನನ್ನು ಕಾಣಿಸಬೇಕೆಂದಿದ್ದಿರಿ?" ಈ ಪ್ರಶ್ನೆಗೆ ಉತ್ತರ ಹೇಳುತ್ತಿರುವಾಗಲೇ ಎಷ್ಟೋ ಮಂದಿ ತಮ್ಮ ದೋಷವನ್ನು ತಾವೇ ಕಂಡುಕೊಳ್ಳುವರು.

ಎರಡನೆಯ ಮಾತು ಗುಣಕಥನವು. ಅದೂ "ಛಲೋ ಆದವು" ಎಂಬ ಸಾಮಾನ್ಯ ವಚನವಲ್ಲ. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ಗುಡಿಯ ಶಾಸನವು ಸೂತ್ರಧಾರಿಯಾದ ಗುಂಡನಿಗೆ ತ್ರಿಭುವನಾಚಾರಿಯೆಂಬ ಬಿರುದು ಸಂದುದನ್ನು ಅವನ ಹೆಸರು ಹಿಡಿದು ಕಲ್ಲಿನಲ್ಲಿ ಕೊರೆದಿದೆ. ಹೊಗಳುವುದಾದರೆ ಹೀಗೆ ಹೆಸರು ಹಿಡಿದು ಹೊಗಳಬೇಕು: ಇಂಥ ಚಿತ್ರ, ಇಂಥ ಕಾರಣದಿಂದ ನೆನಪಿನಲ್ಲಿ ಉಳಿಯಿತು ಎಂದು. ಬರಿಗಾಲುಗಳ ಚಿತ್ರಕ್ಕೆ ಅಂಥ ಒಂದು ಮಾತು ಸಾಕಾಗುತ್ತಿದ್ದಿತು. ಮೂರನೆಯದಾಗಿ ಒಂದೋ ಎರಡೋ ದೋಷಗಳನ್ನು, ತಿದ್ದಿದ ರೂಪದೊಡನೆ ಹೇಳಬೇಕು. ಹತ್ತನ್ನೂ ಒಂದೇ ದಿನ ಹೇಳಿದರೆ ಕೇಳುವವನಿಗೆ ಒಂದೂ ಉಳಿಯದು. ಮಾತು ಚಿತ್ರವನ್ನು ಕುರಿತು ಇರಬೇಕು, ತೆಗೆದವನನ್ನು ಕುರಿತಲ್ಲ. ಸಭಿಕರು ನಗಲಾರಂಭಿಸಿದರೆ ವಿಮರ್ಶಕನು ಅಲ್ಲಿಗೇ ನಿಲ್ಲಿಸತಕ್ಕದ್ದು. ಆ ನಗೆಯು ಅವನ ಕಣ್ಣಿಗೆ ಹಚ್ಚುವ ಕಾಡಿಗೆ.

ಸಮಾರೋಪ

ಕಳೆದ ವರ್ಷ ಪ್ರೌಢಶಾಲೆಯ ಕೆಲವು ಬಾಲಿಕೆಯರು ಗೊಡಚಿಯ ಜಾತ್ರೆಯ ಎಂಬತ್ತು ಚಿತ್ರಗಳನ್ನು ಸಂಘದ ಸಭೆಯಲ್ಲಿ ತೋರಿಸಿದರು. ಮುಗಿದ ಮೇಲೆ ನಾನು ಮೇಲಿನ ಪ್ರಶ್ನೆಯನ್ನು ಕೇಳಿದೆನು. ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಜಾತ್ರೆಗೆ ಅಂಗಡಿ ಹಾಕುವ ಹೆಂಗಸರ ಒಂದು ದಿನವನ್ನು ತೋರಿಸಬೇಕೆಂದಿದ್ದೆವು ಎಂದರು. "ಹಾಗಾದರೆ ಆ ಹೆಂಗಸರಿಲ್ಲದ ಚಿತ್ರಗಳನ್ನು ತೆಗೆದು ನೋಡೋಣವೇ?" ಎಂದೆನು. ಅಲ್ಲಿಯೇ, ಎಲ್ಲರ ಮುಂದೆ, ಅವರೇ ಆರಿಸಿದರು; ಇಪ್ಪತ್ತಾರು ಉಳಿದುವು. ಬೆಳಗಿನ ಚಿತ್ರ ಮೊದಲಿಗೂ ದೀಪ ಹಚ್ಚಿದ ಚಿತ್ರ ಕೊನೆಗೂ ಬಂದುವು. ಎರಡನೆಯ ಸಲ ತೋರಿಸಿದಾಗ ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನ ಒಬ್ಬ ಅಜ್ಜಿಯು ಮಾತ್ರ ಕಣ್ಣೊರಸಿಕೊಂಡಳು. ಶ್ರೀವಿಜಯನು ಮಾಡಿದುದೂ ಇದನ್ನೇ: ಮೊದಲು ಇದ್ದುದನ್ನೂ ತಿದ್ದಿದುದನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿದನು.

ನಾನು ಸಂತೋಷದಿಂದ ಮನೆಗೆ ಹೊರಡುವಾಗ ಆ ಬಾಲಿಕೆಯರಲ್ಲಿ ಚಿಕ್ಕವಳು ಹತ್ತಿರ ಬಂದು, "ಗುರುಗಳೇ, ಒಂದು ಮಾತು ಹೇಳಲೇ?" ಎಂದಳು. ಹೇಳೆಂದೆನು. "ನಮ್ಮ ಚಿತ್ರಗಳು ಹತ್ತು ನಿಮಿಷ, ನಿಮ್ಮ ಮಾತು ನಲವತ್ತು ನಿಮಿಷ ಆಯಿತು. ದಂಡಿಯ ಮಾತು ಚೆನ್ನಾಗಿತ್ತು, ಮಮ್ಮಟನನ್ನು ಮುಂದಿನ ತಿಂಗಳಿಗೆ ಇಟ್ಟಿದ್ದರೆ ನಡೆಯುತ್ತಿತ್ತು" ಎಂದಳು.

ಪ್ರಶ್ನೆಯನ್ನು ಕೇಳಿ, ಗುಣವನ್ನು ಹೆಸರು ಹಿಡಿದು ಹೇಳಿ, ಒಂದೇ ದೋಷವನ್ನು ತಿದ್ದಿದ ರೂಪದೊಡನೆ ತೋರಿಸಿದ್ದಳು. ನನ್ನ ಕಾಡಿಗೆಯು ನನಗೆ ಕಂಡಿರಲಿಲ್ಲ. ಆದುದರಿಂದ ಈ ಲೇಖನವನ್ನೂ ಇಲ್ಲಿಗೇ ಮುಗಿಸುವೆನು.